ಕಾಫಿ ಕಣದಿಂದ ಕಂಡ ಗಣಿ: ನೆಲದ ಸಂಪತ್ತು ದೇಶವನ್ನು ಬೆಳೆಸುವುದು ಯಾವಾಗ?

ಫೆಬ್ರುವರಿಯಲ್ಲಿ ಕೊಡಗಿನ ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆ ಯಾವ ತೋಟಕ್ಕೆ ಹೋದರೂ ಕಣದ ತುಂಬ ರೊಬಸ್ಟಾ ಕಾಫಿ ಒಣಗುತ್ತಿರುತ್ತದೆ. ಕೊಳ್ಳಲು ಬಂದ ವ್ಯಾಪಾರಿ ಚೀಲ ಎಣಿಸುವುದಕ್ಕೆ ಮೊದಲು ಔಟ್‌ಟರ್ನ್ ನೋಡುತ್ತಾನೆ. ಅಂದರೆ, ಒಣ ಚೆರ್ರಿಯ ರಾಶಿಯಿಂದ ಒಂದಷ್ಟು ಮಾದರಿ ತೆಗೆದು ತೂಗಿ, ಸಿಪ್ಪೆ ಬಿಡಿಸಿ, ಒಳಗಿನ ಬೀಜವನ್ನು ಮತ್ತೆ ತೂಗಿ, 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾನೆ. 26 ಬಂದರೆ ಒಂದು ದರ, 28 ಬಂದರೆ ಇನ್ನೊಂದು. ಚೀಲ ಎಷ್ಟೇ ಭಾರವಿರಲಿ, ಸಿಪ್ಪೆಯ ತೂಕಕ್ಕೆ ಯಾರೂ ಹಣ ಕೊಡುವುದಿಲ್ಲ.

ದೇಶಗಳ ಆದಾಯದ ಲೆಕ್ಕದಲ್ಲಿ ಇಂಥ ಪರೀಕ್ಷೆ ನಡೆಯುವುದಿಲ್ಲ. ಭೂಮಿಯಿಂದ ಒಂದು ಟನ್ ಅದಿರನ್ನೋ ಒಂದು ಪೀಪಾಯಿ ಕಚ್ಚಾ ತೈಲವನ್ನೋ ಎತ್ತಿ ಮಾರಿದಾಗ, ಅದರ ಖರ್ಚು ಕಳೆದು ಉಳಿದದ್ದೆಲ್ಲವೂ ಆ ವರ್ಷದ ಒಟ್ಟು ಆಂತರಿಕ ಉತ್ಪನ್ನಕ್ಕೆ ಆದಾಯವಾಗಿ ಸೇರುತ್ತದೆ. ನೆಲದೊಳಗೆ ಅಷ್ಟು ಸರಕು ಕಡಿಮೆಯಾಯಿತು, ಅದು ಮತ್ತೆ ಹುಟ್ಟುವುದಿಲ್ಲ ಎಂಬುದನ್ನು ಖರ್ಚಿನ ಕಡೆ ಬರೆಯುವ ಪದ್ಧತಿ ಇಲ್ಲ. ತೋಟದ ಮರ ಕಡಿದು ಮಾರಿ ಬಂದ ಹಣವನ್ನು ಯಾವ ಬೆಳೆಗಾರನೂ ಆ ವರ್ಷದ ಫಸಲಿನ ಜೊತೆ ಸೇರಿಸಿ ಹೇಳುವುದಿಲ್ಲ. ಸರ್ಕಾರಗಳು ಮಾತ್ರ ಹಾಗೆ ಸೇರಿಸಿಯೇ ಹೇಳುತ್ತವೆ. ನಿಸರ್ಗ ಸಂಪತ್ತು ಒಂದು ದೇಶದ ಆರ್ಥಿಕ ಬೆಳವಣಿಗೆಗೆ ನೆರವಾಗುತ್ತದೆಯೇ, ತೊಡಕಾಗುತ್ತದೆಯೇ ಎಂಬ ಪ್ರಶ್ನೆಯ ಗೊಂದಲದಲ್ಲಿ ಅರ್ಧ ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅಸಲನ್ನು ಕರಗಿಸಿ ಉಣ್ಣುವುದನ್ನು ನಾವು ಗಳಿಕೆ ಎಂದು ಕರೆಯುತ್ತಿದ್ದೇವೆ.

ಕಾಫಿ ಗಣಿಯಲ್ಲ, ನಿಜ. ಅದು ಪ್ರತಿ ವರ್ಷ ಹೂಬಿಡುವ ಗಿಡ. ಆದರೂ ಕಳೆದ ಕೆಲವು ವರ್ಷಗಳ ಕಾಫಿ ಬೆಲೆಯನ್ನು ಕಂಡ ಕೊಡಗಿನವರಿಗೆ ತೈಲ ದೇಶಗಳ ಕತೆ ಅಪರಿಚಿತವೆನಿಸಲಾರದು. 2020ರ ಹೊತ್ತಿಗೆ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 1,200 ಡಾಲರ್ ಆಸುಪಾಸಿನಲ್ಲಿದ್ದ ರೊಬಸ್ಟಾ, ವಿಯೆಟ್ನಾಮಿನ ಬರಗಾಲ ಮತ್ತು ಬ್ರೆಜಿಲ್ಲಿನ ಹವಾಮಾನದ ಕಾರಣದಿಂದ 2024ರ ಸೆಪ್ಟೆಂಬರಿನಲ್ಲಿ 5,000 ಡಾಲರ್ ದಾಟಿತು. ಇಲ್ಲಿ 50 ಕಿಲೋ ರೊಬಸ್ಟಾ ಚೆರ್ರಿಯ ಚೀಲಕ್ಕೆ ಹತ್ತು ಸಾವಿರ ರೂಪಾಯಿ ಮೀರಿದ ದರ ಬಂತು. 2024-25ರಲ್ಲಿ ಭಾರತದ ಕಾಫಿ ರಫ್ತು 180 ಕೋಟಿ ಡಾಲರ್ ಮುಟ್ಟಿ ದಾಖಲೆ ಬರೆಯಿತು. ಆ ನಡುವೆ ನಮ್ಮ ಮಣ್ಣು ಬದಲಾಗಲಿಲ್ಲ, ಕಸಿ ಮಾಡುವ ಕೈ ಬದಲಾಗಲಿಲ್ಲ, ಎಕರೆಯ ಇಳುವರಿಯೂ ಹೆಚ್ಚಲಿಲ್ಲ. ನೆರೆಮನೆಯ ಹಿರಿಯರೊಬ್ಬರು ಕಣದ ಕಟ್ಟೆಯ ಮೇಲೆ ಕೂತು ಹೇಳಿದ ಮಾತು ಯಾವ ಪಠ್ಯಪುಸ್ತಕದ ವಿವರಣೆಗೂ ಕಡಿಮೆಯದಲ್ಲ: “ಇದು ನಮ್ಮ ಬೆಳೆಯ ದುಡ್ಡಲ್ಲ ಮಾರಾಯ್ರೇ, ಬೇರೆಯವರ ಬರಗಾಲದ ದುಡ್ಡು.”

ಅರ್ಥಶಾಸ್ತ್ರದವರು ಇಂಥ ಹಣವನ್ನು ಗೇಣಿ ಎನ್ನುತ್ತಾರೆ. ಕೂಲಿಗೆ, ಬಂಡವಾಳಕ್ಕೆ, ಬುದ್ಧಿಗೆ ಸಲ್ಲಬೇಕಾದದ್ದನ್ನೆಲ್ಲ ಸಲ್ಲಿಸಿದ ಮೇಲೂ, ಸರಕು ಅಪರೂಪದ್ದು ಎಂಬ ಒಂದೇ ಕಾರಣಕ್ಕೆ ಕೈಗೆ ಬರುವ ಹೆಚ್ಚುವರಿ ಅದು. ಸೌದಿ ಅರೇಬಿಯದ ಮರಳಿನಡಿ ಒಂದು ಪೀಪಾಯಿ ತೈಲ ಎತ್ತಲು ತಗಲುವ ಖರ್ಚಿಗೂ ಅದು ಮಾರಾಟವಾಗುವ ಬೆಲೆಗೂ ಇರುವ ಅಂತರದ ಬಹುಪಾಲು ಗೇಣಿಯೇ. ದುಡಿದು ಗಳಿಸಿದ ಹಣಕ್ಕೂ ಗೇಣಿಯಾಗಿ ಬಂದ ಹಣಕ್ಕೂ ನೋಟಿನಲ್ಲಿ ವ್ಯತ್ಯಾಸವಿಲ್ಲ. ಅದು ಯಾರ ಕೈಗೆ ಮೊದಲು ಬೀಳುತ್ತದೆ, ಆ ಕೈ ಯಾರಿಗೆ ಲೆಕ್ಕ ಕೊಡಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಸಂಪನ್ಮೂಲ ಶಾಪ ಎಂಬ ಮಾತನ್ನು 1993ರಲ್ಲಿ ಬ್ರಿಟನ್ನಿನ ವಿದ್ವಾಂಸ ರಿಚರ್ಡ್ ಆಟಿ ಬಳಕೆಗೆ ತಂದರು. 1995ರಲ್ಲಿ ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ ಹಲವು ದೇಶಗಳ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ, 1970ರ ಸುಮಾರಿಗೆ ರಾಷ್ಟ್ರೀಯ ಉತ್ಪನ್ನದಲ್ಲಿ ನಿಸರ್ಗ ಸಂಪತ್ತಿನ ರಫ್ತಿನ ಪಾಲು ಹೆಚ್ಚಾಗಿದ್ದ ದೇಶಗಳು ಮುಂದಿನ ಎರಡು ದಶಕಗಳಲ್ಲಿ ನಿಧಾನವಾಗಿ ಬೆಳೆದವು ಎಂದು ತೋರಿಸಿದರು. ಅಂದಿನಿಂದ ಇದು ದೊಡ್ಡ ಚರ್ಚೆ. ಆ ಅಳತೆಯಲ್ಲೇ ಒಂದು ದೋಷವಿದೆ ಎಂದು ನಂತರದವರು ಎತ್ತಿ ತೋರಿಸಿದ್ದು ಸರಿಯೆಂದೇ ತೋರುತ್ತದೆ: ರಫ್ತಿನ ಪಾಲು ಹೇಳುವುದು ಸಂಪತ್ತು ಎಷ್ಟಿದೆ ಎಂಬುದನ್ನಲ್ಲ, ದೇಶ ಅದರ ಮೇಲೆ ಎಷ್ಟು ಜೋತುಬಿದ್ದಿದೆ ಎಂಬುದನ್ನು. ಯುದ್ಧದಿಂದಲೋ ದುರಾಡಳಿತದಿಂದಲೋ ಕಾರ್ಖಾನೆಗಳು ಮುಚ್ಚಿಹೋದ ದೇಶದಲ್ಲಿ ಕೊನೆಗೆ ಉಳಿಯುವುದು ಗಣಿಯೊಂದೇ; ಆಗ ಗಣಿಯ ಪಾಲು ತಾನಾಗಿ ಹೆಚ್ಚಿ ಕಾಣುತ್ತದೆ. ಅಲ್ಲಿ ಗಣಿಯಿಂದ ಬಡತನ ಬಂತೇ, ಬಡತನದಿಂದ ಗಣಿಯ ಅವಲಂಬನೆ ಬಂತೇ ಎಂದು ಅಂಕಿಗಳು ತಾವಾಗಿ ಹೇಳಲಾರವು. 2006ರಲ್ಲಿ ನಾರ್ವೆಯ ಮೂವರು ಅರ್ಥಶಾಸ್ತ್ರಜ್ಞರು, ಮೆಹ್ಲುಮ್, ಮೋಯೆನೆ ಮತ್ತು ಟೋರ್ವಿಕ್, ಆಡಳಿತ ಸಂಸ್ಥೆಗಳು ಗಟ್ಟಿಯಿರುವ ಕಡೆ ಈ ಶಾಪ ಕಾಣುವುದಿಲ್ಲ, ದುರ್ಬಲವಾಗಿರುವ ಕಡೆ ಕಾಣುತ್ತದೆ ಎಂದು ಬರೆದರು. ಶಾಪ ಎಂಬ ಪದವೇ ದಾರಿ ತಪ್ಪಿಸುವಂಥದ್ದು. ಶಾಪಕ್ಕೆ ಯಾರೂ ಹೊಣೆಗಾರರಿರುವುದಿಲ್ಲ. ಇಲ್ಲಿ ಹೊಣೆಗಾರರು ಸಾಲುಸಾಲಾಗಿ ಇದ್ದಾರೆ.

ಮೊದಲು ಮಾರುಕಟ್ಟೆ ಮಾಡುವ ಹಾನಿಯನ್ನು ನೋಡೋಣ, ಏಕೆಂದರೆ ಅದಕ್ಕೆ ಕಳ್ಳರೇ ಬೇಕಿಲ್ಲ. 1959ರಲ್ಲಿ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್‌ನಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಅನಿಲ ಮಾರಿ ಬಂದ ವಿದೇಶಿ ಹಣದಿಂದ ಅಲ್ಲಿನ ಗಿಲ್ಡರ್ ನಾಣ್ಯದ ಬೆಲೆ ಏರಿತು, ನಾಣ್ಯ ದುಬಾರಿಯಾದ್ದರಿಂದ ಆ ದೇಶದ ಕಾರ್ಖಾನೆಗಳ ಸರಕು ಹೊರಗಿನವರಿಗೆ ದುಬಾರಿಯಾಯಿತು, ಕಾರ್ಖಾನೆಗಳು ಸೊರಗಿದವು. 1977ರಲ್ಲಿ ಬ್ರಿಟನ್ನಿನ ವಾರಪತ್ರಿಕೆಯೊಂದು ಇದನ್ನು ಡಚ್ ಕಾಯಿಲೆ ಎಂದು ಕರೆಯಿತು, ಹೆಸರು ಉಳಿದುಕೊಂಡಿತು. ನಾಣ್ಯದ ದಾರಿ ಒಂದಾದರೆ ಕೂಲಿಯ ದಾರಿ ಇನ್ನೊಂದು: ಏರುಬೆಲೆಯ ಕಸುಬು ಜನರನ್ನೂ ಬಂಡವಾಳವನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ, ಊರಿನ ಕೂಲಿ ಏರುತ್ತದೆ, ಆ ಕೂಲಿ ಕೊಡಲಾಗದ ಕಸುಬು ಸಾಯುತ್ತದೆ.

ಈ ಎರಡನೆಯ ದಾರಿಯನ್ನು ನೋಡಲು ಗ್ರೋನಿಂಗನ್‌ಗೆ ಹೋಗಬೇಕಿಲ್ಲ. ಗೋಣಿಕೊಪ್ಪದಿಂದ ಪೊನ್ನಂಪೇಟೆ, ಶ್ರೀಮಂಗಲದ ಕಡೆ ಹೋಗುವಾಗ ರಸ್ತೆಯ ಪಕ್ಕದಲ್ಲಿ ಎಷ್ಟೋ ಗದ್ದೆಬಯಲು ಹುಲ್ಲು ಬೆಳೆದು ಪಾಳುಬಿದ್ದಿವೆ. ಕಾಡಾನೆಯ ಕಾಟ ಒಂದು ಕಾರಣ, ಮಳೆಯ ಏರುಪೇರು ಇನ್ನೊಂದು. ಆದರೆ ಎಲ್ಲಕ್ಕಿಂತ ಸರಳವಾದ ಕಾರಣ ಕೂಲಿಯದು. ಅಸ್ಸಾಮಿನಿಂದ ಬಂದು ಲೈನ್‌ಮನೆಯಲ್ಲಿ ಉಳಿದಿರುವ ಕೆಲಸಗಾರನಿಗೆ ಕಾಫಿ ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಹಣವನ್ನು ಭತ್ತದ ನಾಟಿಗೆ ಕೊಟ್ಟರೆ ಭತ್ತದಿಂದ ಆ ಹಣವೂ ಹುಟ್ಟುವುದಿಲ್ಲ. ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯುವ ಶಾಸ್ತ್ರಕ್ಕೆ ಸ್ವಂತ ಗದ್ದೆಯ ಪೈರಿಲ್ಲದೆ ನೆರೆಯವರ ಗದ್ದೆಗೆ ಕುಡುಗೋಲು ಹಿಡಿದು ಹೋಗುವ ಮನೆಗಳನ್ನು ನಾನೇ ಕಂಡಿದ್ದೇನೆ. ತೋಟದಿಂದ ವರ್ಷಕ್ಕೆ ಲಕ್ಷಗಟ್ಟಲೆ ಬರುವ ಮನೆಗಳವು. ಇದನ್ನು ತಪ್ಪೆಂದು ಹೇಳುವ ಹಕ್ಕು ಯಾರಿಗೂ ಇಲ್ಲ, ನಷ್ಟಕ್ಕೆ ಬೇಸಾಯ ಮಾಡಿ ಎಂದು ಯಾರಿಗೂ ಹೇಳಲಾಗದು. ಆದರೆ ಕಾಫಿಯ ಬೆಲೆ ಬಿದ್ದ ವರ್ಷ, ಬದು ಒಡೆದು ಕಳೆ ತುಂಬಿದ ಆ ಗದ್ದೆ ಮರುದಿನವೇ ನಾಟಿಗೆ ಸಿದ್ಧವಾಗುವುದಿಲ್ಲ. ಡಚ್ ಕಾಯಿಲೆಯ ನಿಜವಾದ ನೋವು ಅದೇ: ಗಣಿ ಖಾಲಿಯಾದ ದಿನ ಹಳೆಯ ಕಾರ್ಖಾನೆಯೂ ಇರುವುದಿಲ್ಲ, ಅದನ್ನು ನಡೆಸಬಲ್ಲವರೂ ಇರುವುದಿಲ್ಲ.

ಗ್ರೋನಿಂಗನ್ನಿನ ಉಳಿದ ಕತೆಯನ್ನೂ ಹೇಳಿಬಿಡಬೇಕು. ಅನಿಲ ತೆಗೆದದ್ದರಿಂದ ನೆಲ ಕುಸಿದು ಅಲ್ಲಿ ಭೂಕಂಪಗಳಾದವು, ಸಾವಿರಾರು ಮನೆಗಳ ಗೋಡೆ ಬಿರುಕುಬಿಟ್ಟವು. 2023ರ ಅಕ್ಟೋಬರಿನಲ್ಲಿ ಉತ್ಪಾದನೆ ನಿಲ್ಲಿಸಿ, 2024ರಲ್ಲಿ ಕಾನೂನಿನ ಮೂಲಕ ಆ ನಿಕ್ಷೇಪವನ್ನು ಶಾಶ್ವತವಾಗಿ ಮುಚ್ಚಲಾಯಿತು. ಅರ್ಧ ಶತಮಾನದ ಗೇಣಿಯ ಜೊತೆ ಬಂದ ಬಿಲ್ಲು ಅದು.

ಬೆಲೆಯ ಏರಿಳಿತ ಮಾಡುವ ಹಾನಿ ಇನ್ನೂ ದೊಡ್ಡದು, ಅದನ್ನು ಕೊಡಗಿನಷ್ಟು ಚೆನ್ನಾಗಿ ಅನುಭವಿಸಿದ ಜಿಲ್ಲೆ ನಾಡಿನಲ್ಲಿ ಹೆಚ್ಚಿಲ್ಲ. 1989ರ ಜುಲೈಯಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ಕುಸಿಯಿತು. 1994ರಲ್ಲಿ ಬ್ರೆಜಿಲ್ಲಿನಲ್ಲಿ ಕೊರೆವ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟವು, ನಮ್ಮಲ್ಲಿ ಹಣ ಹರಿಯಿತು. ಜೀಪು ಬಂದವು, ಮನೆಗಳು ಎದ್ದವು, ಆ ಬೆಲೆಯನ್ನೇ ನಂಬಿ ಹೊಸ ತೋಟಕ್ಕೆ ಸಾಲ ಎತ್ತಲಾಯಿತು. ಐದಾರು ವರ್ಷ ಕಳೆಯುವುದರೊಳಗೆ ವಿಯೆಟ್ನಾಮಿನ ರೊಬಸ್ಟಾ ಮಾರುಕಟ್ಟೆಗೆ ಹೊಳೆಯಂತೆ ಬಂದು, 2001-02ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಏರುಬೆಲೆಯಲ್ಲಿ ಮಾಡಿದ ಸಾಲವನ್ನು ಇಳಿಬೆಲೆಯಲ್ಲಿ ತೀರಿಸಬೇಕಾಗಿ ಬಂದವರ ಮಕ್ಕಳು ಇಂದಿಗೂ ಬಡ್ಡಿ ಕಟ್ಟುತ್ತಿದ್ದಾರೆ. ತೋಟದ ಜಾಗದಲ್ಲಿ ದೇಶವನ್ನೂ ಚೆರ್ರಿಯ ಜಾಗದಲ್ಲಿ ತೈಲವನ್ನೂ ಇಟ್ಟರೆ 1982ರ ಮೆಕ್ಸಿಕೊ ಸಿಗುತ್ತದೆ: 1970ರ ದಶಕದ ತೈಲಬೆಲೆ ಹಾಗೆಯೇ ಉಳಿಯುತ್ತದೆಂದು ನಂಬಿ ಸಾಲ ಮಾಡಿದ ಆ ದೇಶ, ಬೆಲೆ ಇಳಿದು ಬಡ್ಡಿ ಏರಿದಾಗ ಸಾಲ ತೀರಿಸಲಾರೆನೆಂದು ಕೈಚೆಲ್ಲಿತು.

ಇದಕ್ಕಿಂತ ವಿಚಿತ್ರವಾದದ್ದು ಮೊಜಾಂಬಿಕ್‌ನದು. 2010ರಲ್ಲಿ ಅಲ್ಲಿನ ರೊವುಮಾ ಕಡಲಿನಡಿ ಭಾರಿ ಅನಿಲ ಪತ್ತೆಯಾಯಿತು. ಅದರಲ್ಲಿ ಒಂದು ಹಂಡೆಯಷ್ಟು ಅನಿಲವೂ ಮಾರಾಟವಾಗುವ ಮೊದಲೇ, 2013-14ರಲ್ಲಿ, ಸರ್ಕಾರದ ಕಂಪನಿಗಳು ಸಂಸತ್ತಿಗೆ ತಿಳಿಸದೆ ಸರ್ಕಾರದ ಖಾತರಿಯ ಮೇಲೆ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು. 2016ರಲ್ಲಿ ವಿಷಯ ಹೊರಬಿದ್ದಾಗ ಅಂತಾರಾಷ್ಟ್ರೀಯ ಹಣಕಾಸು ನಿಧಿ ನೆರವು ನಿಲ್ಲಿಸಿತು, ನಾಣ್ಯ ಕುಸಿಯಿತು. ಆ ಕಡಲಿನ ಅನಿಲದ ಮೊದಲ ರಫ್ತು ಆದದ್ದು 2022ರಲ್ಲಿ. ಅಂದರೆ ನಿಕ್ಷೇಪ ಇದೆ ಎಂಬ ಸುದ್ದಿಯೊಂದೇ ದೇಶವನ್ನು ಮುಳುಗಿಸಲು ಸಾಕಾಯಿತು. ಗಯಾನಾ ಈಗ ಅದೇ ಹೊಸ್ತಿಲಿನಲ್ಲಿದೆ: ಸುಮಾರು ಎಂಟು ಲಕ್ಷ ಜನರ ಆ ದೇಶದಲ್ಲಿ 2019ರ ಡಿಸೆಂಬರಿನಲ್ಲಿ ತೈಲ ಹರಿಯಲಾರಂಭಿಸಿ, 2022ರಲ್ಲಿ ಆರ್ಥಿಕತೆ ಒಂದೇ ವರ್ಷದಲ್ಲಿ ಶೇ 60ಕ್ಕಿಂತ ಹೆಚ್ಚು ಬೆಳೆಯಿತು. ಆ ಅಂಕಿಯಲ್ಲಿ ಸಿಪ್ಪೆ ಎಷ್ಟು, ಬೀಜ ಎಷ್ಟು ಎಂಬುದು ಇನ್ನು ಇಪ್ಪತ್ತು ವರ್ಷಕ್ಕೆ ಗೊತ್ತಾಗುವ ಸಂಗತಿ.

ಆಡಳಿತದ ಪ್ರಶ್ನೆ ಬರುವುದು ಇಲ್ಲಿ. ಕಾಫಿಯ ಗೇಣಿ ಸಾವಿರಾರು ಸಣ್ಣ ಹಿಡುವಳಿದಾರರ ಕೈಗೆ ಹಂಚಿಹೋಗುತ್ತದೆ. ಅದನ್ನು ಒಬ್ಬನೇ ದೋಚಬೇಕಾದರೆ ಸಾವಿರಾರು ಕಣಗಳಿಗೆ ಹೋಗಬೇಕು. ತೈಲ, ವಜ್ರ, ಅದಿರು ಹಾಗಲ್ಲ. ಅದು ಒಂದು ಬಾವಿ, ಒಂದು ಗುಂಡಿ, ಒಂದು ಬಂದರು. ಆ ಒಂದು ಬಾಗಿಲನ್ನು ಹಿಡಿದವನು ಎಲ್ಲವನ್ನೂ ಹಿಡಿದಂತೆ. ಆ ಬಾಗಿಲಿನಿಂದಲೇ ಬೊಕ್ಕಸ ತುಂಬುವುದಾದರೆ ಸರ್ಕಾರಕ್ಕೆ ಜನರ ತೆರಿಗೆ ಬೇಕಾಗುವುದಿಲ್ಲ; ತೆರಿಗೆ ಕೊಡದ ಜನ ಲೆಕ್ಕ ಕೇಳುವುದಿಲ್ಲ. 1956ರಲ್ಲಿ ತೈಲ ಸಿಕ್ಕ ನೈಜೀರಿಯ ದಶಕಗಳ ಕಾಲ ಕಚ್ಚಾ ತೈಲವನ್ನು ಹೊರಗೆ ಕಳಿಸಿ, ತನ್ನ ಶುದ್ಧೀಕರಣ ಘಟಕಗಳನ್ನು ತುಕ್ಕುಹಿಡಿಯಲು ಬಿಟ್ಟು, ಪೆಟ್ರೋಲನ್ನು ಹೊರಗಿನಿಂದ ತರಿಸಿಕೊಂಡಿತು. ಜಗತ್ತಿನಲ್ಲೇ ಅತಿ ಹೆಚ್ಚಿನ ತೈಲ ನಿಕ್ಷೇಪ ಹೊಂದಿರುವ ವೆನೆಜುವೆಲಾದ ಜನ ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಊರು ಬಿಟ್ಟು ಹೋದದ್ದು ತೈಲ ಮುಗಿದದ್ದರಿಂದಲ್ಲ.

ಆದರೆ ಹಂಚಿಹೋದ ಬೆಳೆಗೂ ಬಾಗಿಲು ಕಟ್ಟಲು ಸಾಧ್ಯ ಎಂಬುದನ್ನು ಮರೆಯಬಾರದು. ಘಾನಾ ದೇಶದಲ್ಲಿ 1947ರಲ್ಲಿ ಕೋಕೋ ಮಾರುಕಟ್ಟೆ ಮಂಡಳಿ ಬಂತು. ರೈತರೆಲ್ಲ ಮಂಡಳಿಗೇ ಮಾರಬೇಕು, ಮಂಡಳಿ ಹೊರಗೆ ಮಾರಬೇಕು. ನಡುವಿನ ಅಂತರವನ್ನು ಸರ್ಕಾರ ಬಳಸಿಕೊಂಡಿತು. 1960ರ ದಶಕದ ನಡುವಿನಲ್ಲಿ ಐದು ಲಕ್ಷ ಟನ್ ದಾಟಿದ್ದ ಬೆಳೆ 1980ರ ದಶಕದ ಆರಂಭದಲ್ಲಿ ಎರಡು ಲಕ್ಷ ಟನ್ನಿಗಿಂತ ಕೆಳಗೆ ಬಂತು. ಬೆಳೆದವರಲ್ಲೂ ಹಲವರು ಗಡಿ ದಾಟಿಸಿ ಮಾರಿದರು. ನಮ್ಮ ಕಾಫಿ ಮಂಡಳಿಯೂ 1942ರ ಕಾಯ್ದೆಯ ಬಲದಿಂದ ಬೆಳೆಯನ್ನೆಲ್ಲ ಪೂಲ್ ಎಂಬ ಒಂದೇ ರಾಶಿಗೆ ತೆಗೆದುಕೊಂಡು ಕಂತುಕಂತಾಗಿ ಹಣ ಕೊಡುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟ ಬಂತು. ಕಂತಿಗೆ ಕಾದು ಬೇಸತ್ತಿದ್ದ ಬೆಳೆಗಾರರು ಅದನ್ನು ಸ್ವಾಗತಿಸಿದ್ದು ಸಹಜ. ಆದರೆ ಪೂಲ್ ಎಂಬುದು ಬೆಲೆಯ ಹೊಡೆತವನ್ನು ಹಂಚಿಕೊಳ್ಳುವ ಒಂದು ಗೋಡೆಯೂ ಆಗಿತ್ತು. ಅದು ಹೋದ ಐದೇ ವರ್ಷದಲ್ಲಿ ಲಂಡನ್ನಿನ ಕುಸಿತ ನೇರವಾಗಿ ಅಮ್ಮತ್ತಿಯ ಕಣಕ್ಕೆ ಬಿತ್ತು. ಯಾವುದು ಒಳ್ಳೆಯದಿತ್ತು ಎಂದು ನನ್ನನ್ನು ಕೇಳಿದರೆ, ಮುಕ್ತ ಮಾರಾಟವೇ ಒಳ್ಳೆಯದು, ಆದರೆ ಅದರ ಜೊತೆಗೆ ಏರುಬೆಲೆಯ ವರ್ಷದಲ್ಲಿ ಎತ್ತಿಟ್ಟು ಇಳಿಬೆಲೆಯಲ್ಲಿ ಬಿಡಿಸಿಕೊಳ್ಳುವ ಒಂದು ನಿಧಿ ಬರಬೇಕಿತ್ತು ಎನ್ನುತ್ತೇನೆ.

ಒಡೆತನದ ಪ್ರಶ್ನೆಯನ್ನು ಕೊಡಗಿನಲ್ಲಿ ಮರ ನೋಡಿಯೇ ಅರ್ಥಮಾಡಿಕೊಳ್ಳಬಹುದು. ಇಲ್ಲಿ ಜಮೀನಿನ ಕಾಗದದಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಎಂಬ ಎರಡು ಪದಗಳಿಗೆ ಇರುವ ಭಾರ ಹೊರಗಿನವರಿಗೆ ತಿಳಿಯದು. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡ ಜಮೀನು ರಿಡೀಮ್ಡ್; ಕಟ್ಟದಿದ್ದರೆ ಅನ್‌ರಿಡೀಮ್ಡ್, ಅಲ್ಲಿ ತೋಟ ನಿಮ್ಮದು, ಬೀಟೆ ಮರ ಸರ್ಕಾರದ್ದು. ಅಜ್ಜನ ಕಾಲದಿಂದ ನೆರಳು ಕೊಟ್ಟ ಮರ ನಿಮ್ಮದಲ್ಲವೆಂದಾದರೆ ಅದರ ಪಕ್ಕದಲ್ಲಿ ಹುಟ್ಟಿದ ಸಸಿಯನ್ನು ಉಳಿಸಲು ಯಾರಿಗೆ ಮನಸ್ಸು ಬರುತ್ತದೆ? ಕಡಿಯಲು ಅಡಚಣೆಯಿಲ್ಲದ, ಮೆಣಸಿನ ಬಳ್ಳಿ ಹಬ್ಬಿಸಲೂ ಆಗುವ ಸಿಲ್ವರ್ ಓಕ್ ಬಂತು, ಕಾಡುಮರ ಕಡಿಮೆಯಾಯಿತು. ಶ್ರೀಗಂಧದ್ದೂ ಇದೇ ಹಾಡು. ಟಿಪ್ಪುವಿನ ಕಾಲದಿಂದ ಅರಸನ ಮರವಾಗಿದ್ದ ಗಂಧವನ್ನು ಹಿತ್ತಿಲಲ್ಲಿ ಹುಟ್ಟಿದರೂ ಜನ ಚಿವುಟಿಹಾಕುತ್ತಿದ್ದರು, ಏಕೆಂದರೆ ಬೆಳೆದರೆ ಲಾಭ ಸರ್ಕಾರದ್ದು, ಕಳುವಾದರೆ ಕೇಸು ಮನೆಯವರದ್ದು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಯನ್ನು ತಿದ್ದಿ ಜಮೀನಿನ ಒಡೆಯನೇ ಗಂಧದ ಒಡೆಯ ಎಂದ ಮೇಲೆಯೇ ರೈತರು ಅದನ್ನು ನೆಡಲು ಮುಂದಾದದ್ದು.

ಒಡೆತನವನ್ನು ಸರಿಯಾದ ಹೊತ್ತಿಗೆ ತೀರ್ಮಾನಿಸಿದ ದೇಶವೆಂದರೆ ಬೋಟ್ಸ್ವಾನ. ನಾರ್ವೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ: 1969ರಲ್ಲಿ ತೈಲ ಸಿಕ್ಕಿತು, 1990ರಲ್ಲಿ ನಿಧಿ ಸ್ಥಾಪನೆಯಾಯಿತು, 1996ರಲ್ಲಿ ಮೊದಲ ಜಮೆ, ಇಂದು 1.5 ಲಕ್ಷ ಕೋಟಿ ಡಾಲರ್‌ಗೂ ಮಿಗಿಲಾದ ಗಂಟು. ಅಸಲು ಮುಟ್ಟದೆ, ನಿರೀಕ್ಷಿತ ಆದಾಯವಾದ ಶೇ 3ರಷ್ಟನ್ನು ಮಾತ್ರ ವರ್ಷದ ಬಜೆಟ್ಟಿಗೆ ತೆಗೆಯುವ ಶಿಸ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ನಮ್ಮ ಗಾದೆಯನ್ನು ಕಾನೂನಾಗಿ ಬರೆದರೆ ಆಗುವುದು ಅದೇ. ಆದರೆ ತೈಲ ಸಿಗುವ ಮೊದಲೇ ನಾರ್ವೆ ಓದುಬರಹ, ನ್ಯಾಯಾಲಯ, ಚುನಾವಣೆ ಎಲ್ಲವೂ ನೆಟ್ಟಗಿದ್ದ ದೇಶ. 1966ರಲ್ಲಿ ಸ್ವತಂತ್ರವಾದಾಗ ಬೋಟ್ಸ್ವಾನ ಜಗತ್ತಿನ ಅತಿ ಬಡ ದೇಶಗಳ ಸಾಲಿನಲ್ಲಿತ್ತು. ಮರುವರ್ಷ ಒರಾಪದಲ್ಲಿ ವಜ್ರ ಸಿಕ್ಕಿತು, ಅದೂ ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲದಲ್ಲಿ. ಖನಿಜದ ಹಕ್ಕು ಬುಡಕಟ್ಟುಗಳದ್ದಲ್ಲ, ಇಡೀ ದೇಶದ್ದು ಎಂದು ಅದೇ 1967ರಲ್ಲಿ ಕಾನೂನಾಯಿತು. ಗಣಿ ಕಂಪನಿಯಲ್ಲಿ ಸರ್ಕಾರದ್ದು ಅರ್ಧ ಪಾಲು. ಆ ಹಣದಿಂದ ರಸ್ತೆ, ಶಾಲೆ, ಆಸ್ಪತ್ರೆಗಳಾದವು, ಮುಂದಿನ ಮೂರು ದಶಕ ಜಗತ್ತಿನ ಅತಿ ವೇಗದ ಬೆಳವಣಿಗೆಗಳಲ್ಲಿ ಒಂದು ಅಲ್ಲಿ ಕಂಡಿತು. ಇಷ್ಟೆಲ್ಲ ಸರಿಯಾಗಿ ಮಾಡಿಯೂ ಒಂದು ಉಳಿಯಿತು: ವಜ್ರ ಬಿಟ್ಟು ಬೇರೆ ರಫ್ತು ಬೆಳೆಯಲಿಲ್ಲ. ಪ್ರಯೋಗಾಲಯದಲ್ಲಿ ತಯಾರಾದ ವಜ್ರ ಮಾರುಕಟ್ಟೆಗೆ ಬಂದು ಬೇಡಿಕೆ ಬಿದ್ದಾಗ, 2024ರಲ್ಲಿ ಅಲ್ಲಿನ ಆರ್ಥಿಕತೆ ಕುಗ್ಗಿತು. ಸ್ವಾತಂತ್ರ್ಯ ಬಂದಂದಿನಿಂದ ಆಳಿದ್ದ ಪಕ್ಷ ಆ ವರ್ಷದ ಚುನಾವಣೆಯಲ್ಲಿ ಸೋತಿತು.

ನಮ್ಮ ನಾಡಿನ ಲೆಕ್ಕಕ್ಕೆ ಬಂದರೆ, ತಲಕಾವೇರಿಯ ನೀರಿಗೂ ಕೋಲಾರದ ಚಿನ್ನಕ್ಕೂ ಒಂದು ನಂಟಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಅದು ಮೊದಲು ಹೋದದ್ದು ಬೆಂಗಳೂರಿನ ಬೀದಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. 1880ರ ದಶಕದಿಂದ ಇಂಗ್ಲಿಷ್ ಕಂಪನಿ ನಡೆಸಿದ ಆ ಗಣಿಗಳಿಂದ ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು. 2001ರ ಫೆಬ್ರುವರಿ 28ರಂದು ಮುಚ್ಚಿದಾಗ ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು, ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಕೆಲಸ ಹುಡುಕಿ ಹೊರಡುವ ರೈಲಿನ ನೂಕುನುಗ್ಗಲು. ನೂರಿಪ್ಪತ್ತು ವರ್ಷದ ಗಣಿಗಾರಿಕೆಯ ಔಟ್‌ಟರ್ನ್ ನೋಡಬೇಕೆನ್ನುವವರು ಆ ರೈಲು ಹತ್ತಬೇಕು.

ಬಳ್ಳಾರಿಯದ್ದು ಇನ್ನೂ ಹಸಿ ಗಾಯ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿ ಮುಟ್ಟಿದ ವರ್ಷಗಳಲ್ಲೂ, 2009ರ ಆಗಸ್ಟಿನ ತನಕ, ಸರ್ಕಾರಕ್ಕೆ ಸಲ್ಲುತ್ತಿದ್ದ ರಾಯಧನ ಟನ್ನಿಗೆ 27 ರೂಪಾಯಿ ಮೀರಿರಲಿಲ್ಲ. ಬೆಲೆಗೆ ತಕ್ಕಂತೆ ಏರುವ ದರವಲ್ಲ, ಟನ್ನಿಗಿಷ್ಟು ಎಂದು ಗೊತ್ತುಮಾಡಿದ ದರ ಅದು. ಇದು ಕಳ್ಳಸಾಗಣೆಯ ಮಾತಲ್ಲ, ಕಾನೂನುಬದ್ಧವಾಗಿ ಸಾಗಿದ ಅದಿರಿನ ಮಾತು. 2011ರ ಲೋಕಾಯುಕ್ತ ವರದಿ ಅಕ್ರಮದ ಆಳವನ್ನು ತೋರಿಸಿತು, ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆದರೆ ನನ್ನ ಮಟ್ಟಿಗೆ ಅಕ್ರಮಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆ 27 ರೂಪಾಯಿಯನ್ನು. ಪರ್ಮಿಟ್ ಇದ್ದ ಲಾರಿಯೂ ನಾಡಿನ ಅಸಲನ್ನು ಬಹುತೇಕ ಪುಕ್ಕಟೆಯಾಗಿ ಹೊತ್ತೊಯ್ಯುತ್ತಿತ್ತು. ಜಾರ್ಖಂಡ್, ಒಡಿಶಾಗಳಿಗೆ ಆದ ಪೆಟ್ಟು ಇನ್ನೊಂದು ಬಗೆಯದು: 1952ರಿಂದ 1993ರವರೆಗೆ ಸರಕು ಸಾಗಣೆ ದರ ಸಮೀಕರಣ ನೀತಿಯಡಿ ಕಲ್ಲಿದ್ದಲು, ಉಕ್ಕು ದೇಶದ ಯಾವ ಮೂಲೆಗೆ ಹೋದರೂ ಒಂದೇ ದರ. ಗಣಿಯ ಪಕ್ಕದಲ್ಲೇ ಕಾರ್ಖಾನೆ ಹಾಕಿದರೆ ಸಿಗಬೇಕಿದ್ದ ಒಂದೇ ಒಂದು ಅನುಕೂಲವನ್ನೂ ಅದು ಅಳಿಸಿಹಾಕಿತು.

2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳಲ್ಲಿ ಗಣಿಬಾಧಿತ ಜನರಿಗೆಂದು ಹಣ ಸೇರುತ್ತಿದೆ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1ರ ಬಹುಮತದಿಂದ ರಾಯಧನ ತೆರಿಗೆಯಲ್ಲ, ಖನಿಜದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. ಬಾಗಿಲಿನ ಬಳಿ ನಿಲ್ಲುವ ಹಕ್ಕು ರಾಜ್ಯಕ್ಕೆ ಸಿಕ್ಕಿದೆ; ಪಡೆದ ಹಣವನ್ನು ವರ್ಷದ ಖರ್ಚಿಗೆ ಬಳಸದೆ ಬೇರೆ ಆಸ್ತಿಯಾಗಿ ಮಾಡುವ ಕಟ್ಟಳೆ ಮಾತ್ರ ಬಹುತೇಕ ಎಲ್ಲೂ ಇಲ್ಲ. ಕೊಡಗಿಗೆ ಅದಿರಿಲ್ಲ, ನೀರಿದೆ, ಕಾಡಿದೆ. ಹದಿನಾಲ್ಕನೆಯ ಹಣಕಾಸು ಆಯೋಗ ರಾಜ್ಯಗಳ ಪಾಲು ಹಂಚುವಾಗ ಅರಣ್ಯಕ್ಕೆ ಶೇ 7.5ರಷ್ಟು, ಹದಿನೈದನೆಯದು ಅರಣ್ಯ ಮತ್ತು ಪರಿಸರಕ್ಕೆ ಶೇ 10ರಷ್ಟು ತೂಕ ಕೊಟ್ಟವು. ಅದು ರಾಜ್ಯದ ಬೊಕ್ಕಸಕ್ಕೆ ಬರುವ ಹಣ. ಕಾಡು ಉಳಿಸಿಕೊಂಡ ಜಿಲ್ಲೆಗೆ, 2018ರ ಮಳೆಗೆ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡ ಜನರಿರುವ ಜಿಲ್ಲೆಗೆ, ಅದರಲ್ಲಿ ಇಂತಿಷ್ಟು ಎಂಬ ನಿಯಮವಿಲ್ಲ.

ಕಾವೇರಿ ಕೊಡಗು ದಾಟಿ ಹರಿಯುವ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಬಂದಾಗ ಹೇಳಿದ ಅಂದಾಜು 14,100 ಟನ್. 2021ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅದು 1,600 ಟನ್ನಿಗೆ ಇಳಿದಿತ್ತು. ಆ ಹೊತ್ತಿನಲ್ಲಿ ಕರ್ನಾಟಕದ ಬಿಳಿ ಚಿನ್ನದ ಬಗ್ಗೆ ಎಷ್ಟು ಬರಹಗಳು ಬಂದವೋ! ಆ ಅಂದಾಜಿನ ಮೇಲೆ ಯಾರೂ ಸಾಲ ಮಾಡದೇ ಇದ್ದದ್ದು ನಮ್ಮ ಪುಣ್ಯ.

ನೆರೆಮನೆಯ ಹಿರಿಯರ ಲೆಕ್ಕದ ಪುಸ್ತಕವನ್ನು ಮೊನ್ನೆ ನೋಡುವ ಸಂದರ್ಭ ಬಂತು. ಬೇರೆಯವರ ಬರಗಾಲದ ದುಡ್ಡು ಎಂದು ಅವರೇ ಹೇಳಿದ್ದ ಹಣವನ್ನು ಮೂರು ಕಡೆ ಹಾಕಿದ್ದಾರೆ: ತಂದೆಯ ಕಾಲದ ಸಾಲದ ಅಸಲಿಗೆ ಒಂದು ಭಾಗ, ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರಿಗೆ ನೀರು ಬೇಕೆಂದು ತೋಟದ ಕೆಳಗಿನ ಕೆರೆಯ ಹೂಳೆತ್ತಿಸಲು ಒಂದು ಭಾಗ, ಮನೆಯ ಮಹಡಿಗೆ ಒಂದು ಭಾಗ. 2025ರ ನಡುವಿನಲ್ಲಿ ಲಂಡನ್ ದರ 4,000 ಡಾಲರಿಗಿಂತ ಕೆಳಗಿಳಿದಾಗ ಅವರು ನಿಲ್ಲಿಸಿದ್ದು ಮಹಡಿಯ ಕೆಲಸವನ್ನು. ಕಂಬಿಗಳು ಇನ್ನೂ ತಾರಸಿಯ ಮೇಲೆ ನೆಟ್ಟಗೆ ನಿಂತಿವೆ, ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ತುದಿಗೆ ಸಿಮೆಂಟ್ ಹಾಲು ಬಳಿಸಿದ್ದಾರೆ. ಕೆರೆ ತುಂಬಿದೆ.